ಪ್ರಥಮಫಲದ ಚಪ್ಪಲಿ

ಸುಗ್ಗಿ ಹಬ್ಬದ ಆರಾಧನೆಗೆ ಗಂಟೆ ಬಾರಿಸಿದಾಗ ರುಕ್ಮವ್ವ ಚರ್ಚಿನ ಹಿಂದಿನ ತಗಡಿನ ಚಪ್ಪರದಲ್ಲಿ ಹುಗ್ಗಿಯ ಹಂಡೆಯ ಮುಂದೆ ನಿಂತಿದ್ದಳು. ಸೌಟನ್ನು ಪಕ್ಕದವಳ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮುಂಬಾಗಿಲಿಗೆ ಬಂದು ತನ್ನ ಸವೆದ ಚಪ್ಪಲಿ ಬಿಡಲು ಬಗ್ಗಿದವಳು ಹಾಗೆಯೇ ನಿಂತುಬಿಟ್ಟಳು.

ಮೆಟ್ಟಿಲ ಪಕ್ಕದಲ್ಲಿ, ಸಭೆಯ ಮಂದಿ ಬಿಟ್ಟ ಚಪ್ಪಲಿಗಳ ನಡುವೆ, ಆಕೆ ಮಾಡಿದ ಹೊಸ ಜೋಡು ಬಿದ್ದಿತ್ತು. ಯಾರದೋ ರಬ್ಬರ್ ಸ್ಲಿಪ್ಪರ್ ಒಂದು ಅದರ ಮೇಲೆ ಅರ್ಧ ಏರಿ ಕೂತಿತ್ತು. ಎಣ್ಣೆ ಕುಡಿದು ಬೆಲ್ಲದ ಬಣ್ಣಕ್ಕೆ ತಿರುಗಿದ್ದ ತೊಗಲಿನ ಮೇಲೆ, ಸಣ್ಣ ಹೆಣಿಗೆಯ ಸಂದಿಗಳಲ್ಲಿ, ಕರಿಮಣ್ಣಿನ ಪುಡಿ ಉದುರಿತ್ತು.

ಮುಂಜಾನೆ ಆ ಜೋಡನ್ನು ಆಕೆ ತನ್ನ ಕೈಯಾರೆ ಒಳಗೆ ಇಟ್ಟು ಬಂದಿದ್ದಳು. ಶಿಲುಬೆಯ ಕೆಳಗಿನ ಉದ್ದನೆಯ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಾಳೆಯೆಲೆ, ಎಲೆಯ ಮೇಲೆ ಚಪ್ಪಲಿ. ಒಂದು ಬದಿಗೆ ಬೆಲ್ಲದ ಪೆಂಟಿ, ಇನ್ನೊಂದು ಬದಿಗೆ ಐಗಳಿಯಿಂದ ಬಂದ ದ್ರಾಕ್ಷಿ ಗೊಂಚಲು. ಅಲ್ಲಿಂದ ಅದು ಇಲ್ಲಿಗೆ ತಾನಾಗಿ ನಡೆದು ಬಂದಿರಲಿಕ್ಕಿಲ್ಲ.

ರುಕ್ಮವ್ವನಿಗೆ ಸಿಟ್ಟು ಹೊಸದಲ್ಲ. ಓಣಿಯ ನಳದ ಮುಂದೆ ಆಕೆಯ ಬಾಯಿಗೆ ಹೆದರಿ ಕೊಡ ಸರಿಸಿಕೊಂಡವರು ಬಹಳ ಮಂದಿ. ಆದರೆ ಆ ಸಿಟ್ಟೆಲ್ಲ ಬಾಯಿಗೆ ಬಂದು ಅಲ್ಲೇ ಮುಗಿಯುತ್ತಿತ್ತು. ಇದು ಬಾಯಿಗೆ ಬರಲಿಲ್ಲ, ಕೈಗೆ ಇಳಿಯಿತು. ಬಗ್ಗಿ ಎತ್ತಿಕೊಳ್ಳಬೇಕೆಂದು ಕೈ ಚಾಚಿದವಳು ಹಿಂದೆ ಎಳೆದುಕೊಂಡಳು. ತಾನು ಎತ್ತಬಾರದು. ಯಾರು ಹೊರಗೆ ಇಟ್ಟರೋ ಅವರೇ ಒಳಗೆ ತರಬೇಕು.

ಯಾರು ಇಟ್ಟರೆಂಬುದರಲ್ಲಿ ಆಕೆಗೆ ಅನುಮಾನವೇ ಇರಲಿಲ್ಲ.

ಅಥಣಿಯ ಆ ಓಣಿಯ ಕ್ರೈಸ್ತ ಮನೆಗಳಲ್ಲಿ ಹೊಲವಿದ್ದವರು ಒಬ್ಬಿಬ್ಬರು. ಉಳಿದವರದು ತಲೆತಲಾಂತರದ ಚಪ್ಪಲಿ ಕೆಲಸ. ಆದರೂ ಸುಗ್ಗಿ ಹಬ್ಬ ಬಂತೆಂದರೆ ಎಲ್ಲರೂ ಹಿಂದಿನ ದಿನ ಬಜಾರಕ್ಕೆ ಹೋಗಿ, ಯಾರದೋ ಹೊಲದ ಜೋಳದ ತೆನೆ, ಯಾರದೋ ತೋಟದ ಕುಂಬಳಕಾಯಿ ಕೊಂಡು ತಂದು ದೇವರ ಮುಂದೆ ಇಡುತ್ತಿದ್ದರು. ಆರಾಧನೆಯಾದ ಮೇಲೆ ಅಂಗಳದಲ್ಲಿ ಅದರ ಲಿಲಾವ, ಅಂದರೆ ಹರಾಜು, ನಡೆಯುತ್ತಿತ್ತು. ತಾನೇ ಕೊಂಡು ಕೊಟ್ಟ ಕುಂಬಳಕಾಯಿಯನ್ನು ಲಿಲಾವಿನಲ್ಲಿ ತಾನೇ ಕೂಗಿ, ಮನೆಗೆ ತಂದು ಪಲ್ಯ ಮಾಡಿದವರೂ ಇದ್ದರು. ಇದರಲ್ಲೇನಾದರೂ ವಿಚಿತ್ರವಿದೆ ಎಂದು ಯಾರಿಗೂ ಅನಿಸಿರಲಿಲ್ಲ. ಪ್ರಥಮಫಲವೆಂದರೆ ಹೊಲದ್ದು. ಹೊಲವಿಲ್ಲದವರು ಕೊಳ್ಳಬೇಕು. ಅಷ್ಟೇ.

ಈ ವರ್ಷ ಹೊಸದಾಗಿ ಬಂದ ಸುಜಯ ಪಾಸ್ಟರ್ ಬೀದರದ ಕಡೆಯವರು, ಸಣ್ಣ ವಯಸ್ಸಿನವರು, ಓಣಿಯ ರೀತಿ ಇನ್ನೂ ಗೊತ್ತಿರಲಿಲ್ಲ. ಹಬ್ಬಕ್ಕೆ ಬಹಳ ಮೊದಲೇ ಒಂದು ಭಾನುವಾರ ಪ್ರಸಂಗ ಮಾಡುತ್ತ ಅವರು, ಕೊಂಡು ತಂದದ್ದರಲ್ಲಿ ನಿಮ್ಮದೇನಿದೆ ಎಂದು ಕೇಳಿದರು. ಬೈಬಲಿನಲ್ಲಿ ದೇವರ ಗುಡಾರ ಎದ್ದದ್ದು ನೇಯುವವರ, ಕೆತ್ತುವವರ, ತೊಗಲು ಹದ ಮಾಡುವವರ ಕೈಯಿಂದ. ನಿಮ್ಮ ಕೈ ಏನು ಮಾಡುತ್ತದೋ ಅದೇ ನಿಮ್ಮ ಬೆಳೆ, ಅದೇ ನಿಮ್ಮ ಆರಾಧನೆ ಎಂದರು. ಅರ್ಧ ಸಭೆ ತೂಕಡಿಸುತ್ತಿತ್ತು. ರುಕ್ಮವ್ವ ಮಾತ್ರ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ವರ್ಷ ತಾನು ಇನ್ನೊಬ್ಬರ ಬೆವರು ಕೊಂಡು ತಂದು, ನನ್ನದು ತಗೋ ಎಂದು ದೇವರಿಗೆ ಹೇಳಿದ ಹಾಗಾಯಿತಲ್ಲ ಎಂದು ಆಕೆಗೆ ಅನಿಸಿ ಮೈ ಬಿಸಿಯಾಯಿತು.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲೇ ಪಾಸ್ಟರನ್ನು ಹಿಡಿದು, ತನ್ನ ಕೈ ಮಾಡುವುದು ಚಪ್ಪಲಿ, ಅದನ್ನು ತರಬಹುದೇ ಎಂದು ಕೇಳಿದಳು. ಅವರು ನಕ್ಕು, "ತರ್ರಿ ಅಕ್ಕಾ. ತರಲೇಬೇಕು" ಎಂದರು.

ಆ ಜೋಡಿನ ಕೆಲಸ ಅಂದಿನಿಂದ ಸುರುವಾಯಿತು. ತಳ ಕೊಯ್ಯುವುದು, ಹೊಲಿಯುವುದು ಗಂಡ ಸತ್ಯಪ್ಪನ ಕೆಲಸ. ಮೇಲಿನ ಪಟ್ಟಿ, ಅದರ ಮೇಲಿನ ಹೆಣಿಗೆ ರುಕ್ಮವ್ವನದು. ಮನೆಗಳಲ್ಲಿ ಹೆಂಗಸರೇ ಹೆಣೆಯುವುದು, ಮೊದಲಿನಿಂದಲೂ ಹಾಗೆಯೇ. ಸತ್ಯಪ್ಪ ಮಾತು ಕಡಿಮೆಯ ಮನುಷ್ಯ. ಹೆಂಡತಿ ಹೇಳಿದಳೆಂದು ಎಮ್ಮೆ ತೊಗಲಿನ ಬೆನ್ನಿನ ಭಾಗವನ್ನೇ ಆರಿಸಿ, ನೆನೆಹಾಕಿ, ಬಡಿದು, ಎಲ್ಲೂ ಒಂದು ಮೊಳೆ ಹೊಡೆಯದೆ, ತೊಗಲಿನ ದಾರದಲ್ಲೇ ಹೊಲಿದು ಕೊಟ್ಟ. ನಡುವೆ ಒಂದು ಸಲ ಮಾತ್ರ, "ಲಿಲಾವಿನ್ಯಾಗ ಯಾರೂ ಕೂಗಲಿಲ್ಲಂದ್ರ ನಾನಾ ಕೂಗಿ ಮನಿಗೆ ತರಬೇಕಾಗ್ತೈತಿ ನೋಡು. ನಂದಾ ಚಪ್ಪಲಿ ನಾನಾ ಕೊಂಡಂಗ" ಎಂದು ನಕ್ಕಿದ್ದ.

ರುಕ್ಮವ್ವ ಈ ಜೋಡಿಗೆ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದಳು. ಇದರಲ್ಲಿ ಸಿಟ್ಟು ಬರಬಾರದು. ಹೆಣೆಯುವವರಿಗೆ ಇದು ಗೊತ್ತಿರುವ ವಿಷಯ. ಮನಸ್ಸು ಕಾದಿದ್ದರೆ ಕೈ ಎಳೆ ಬಿಗಿಯುತ್ತದೆ. ಹೆಣಿಗೆ ಅಲ್ಲಿ ಸಣ್ಣಗೆ ಗಂಟಿಕ್ಕಿ, ಹಾಕಿಕೊಂಡವರ ಪಾದದ ಮೇಲೆ ಬರೆ ಮೂಡಿಸುತ್ತದೆ. ಬಜಾರದ ಮಾಲಿನಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಇದು ಬಜಾರಕ್ಕಲ್ಲ. ಆದ್ದರಿಂದ ಕೈ ತೊಳೆದು ಕೂತು, ಬಾಯಲ್ಲಿ ಹಾಡಿನ ಒಂದೆರಡು ಸಾಲು ಗುನುಗುತ್ತ, ಮನಸ್ಸು ತಣ್ಣಗಿದ್ದಷ್ಟು ಹೊತ್ತು ಹೆಣೆಯುತ್ತಿದ್ದಳು. ಯಾರ ಮೇಲಾದರೂ ಸಿಟ್ಟು ನೆನಪಾದರೆ ಎಳೆ ಕೆಳಗಿಟ್ಟು ಏಳುತ್ತಿದ್ದಳು. ಆಕೆಯ ಸ್ವಭಾವಕ್ಕೆ ಇದು ಸಣ್ಣ ಶಿಕ್ಷೆಯಲ್ಲ. ದಿನಕ್ಕೆ ಎರಡು ಬೆರಳಗಲ ಹೆಣಿಗೆಯಾದರೆ ಹೆಚ್ಚು.

ಅರ್ಧ ಪಟ್ಟಿ ಮುಗಿದಿದ್ದಾಗ ರಾಜಾರಾಮ ಮಾಸ್ತರರು ಮನೆಗೆ ಬಂದರು.

ಮಾಸ್ತರರು ಹೈಸ್ಕೂಲಿನಿಂದ ನಿವೃತ್ತರಾದವರು, ಸಭೆಯ ಕಮಿಟಿಯ ಸೆಕ್ರೆಟರಿ. ಅವರ ಹೊಸ ಮನೆ ಅದೇ ಓಣಿಯ ಕೊನೆಗಿದೆ. ಅವರ ತಂದೆ ಮತ್ತು ಸತ್ಯಪ್ಪನ ತಂದೆ ಒಂದೇ ಕಟ್ಟೆಯ ಮೇಲೆ ಕೂತು ತಳ ಹೊಲಿದವರು. ಓಣಿಯಲ್ಲಿ ಅವರು ರುಕ್ಮವ್ವನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ, ಚರ್ಚಿನಲ್ಲಿ ರುಕ್ಮಾಬಾಯಿ ಎನ್ನುತ್ತಾರೆ. ಆ ದಿನ ಮನೆಯೊಳಗೆ ಬಂದು, ತೊಗಲಿನ ಚೂರುಗಳಿಂದ ದೂರ ಕುರ್ಚಿ ಎಳೆದುಕೊಂಡು ಕೂತು, "ರುಕ್ಮಾಬಾಯಿ" ಎಂದೇ ಸುರುಮಾಡಿದರು.

ಹಬ್ಬಕ್ಕೆ ಬೆಳಗಾವಿಯಿಂದ ಹಿರಿಯ ಪಾದ್ರಿಗಳು ಬರುವವರಿದ್ದಾರೆ, ಎಲ್ಲರೂ ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾರೆ, ಶಿಲುಬೆಯ ಮುಂದೆ ಚಪ್ಪಲಿ ಇಟ್ಟ ಫೋಟೋ ಚಿಕ್ಕೋಡಿ ನಿಪಾಣಿಯವರೆಗೆ ಹೋಗುತ್ತದೆ, ನೋಡಿದವರು ಏನೆನ್ನುತ್ತಾರೆ ಎಂದು ಸಮಾಧಾನವಾಗಿಯೇ ಕೇಳಿದರು. ಚಪ್ಪಲಿ ಮಾಡುವವರು ಚಪ್ಪಲಿ ಇಟ್ಟರು ಎನ್ನುತ್ತಾರೆ ಎಂದಳು ರುಕ್ಮವ್ವ.

ಅದಾ ಬ್ಯಾಡ ಅನ್ನೂದು, ಎಂದರು ಮಾಸ್ತರರು. ಆಮೇಲೆ ದನಿ ತಗ್ಗಿಸಿದರು.

"ನಾ ಸಾಲಿ ಕಲ್ತಿದ್ದು ಎಲ್ಲೆ ಕುಂತು ಗೊತ್ತೈತಿಲ್ಲೊ ವೈನಿ ನಿಮಗ? ಬಾಗಲದಾಗ. ಹುಡುಗೂರು ಚಪ್ಪಲಿ ಬಿಡೂ ಜಾಗಾದಾಗ. ಅಲ್ಲಿಂದ ಎದ್ದು ಒಳಗ ಬರಾಕ ನನಗ ಅರ್ಧಾ ಆಯುಷ್ಯ ಹಿಡೀತು. ಈಗ ನೀವು ಆ ಚಪ್ಪಲೀನಾ ತಂದು ಒಳಗ ಇಡ್ತೀನಿ ಅಂತೀರಿ."

ಆ ಮಾತು ರುಕ್ಮವ್ವನಿಗೆ ನಾಟಲಿಲ್ಲವೆಂದಲ್ಲ, ನಾಟಿತು. ಮಾಸ್ತರರು ಕೆಟ್ಟ ಮನುಷ್ಯರೂ ಅಲ್ಲ. ಓಣಿಯ ಎಷ್ಟೋ ಹುಡುಗಿಯರ ಫೀ ತಾವೇ ತುಂಬಿದವರು. ಆದರೆ ನಾಟಿದ್ದೇ ಆಕೆಯ ಸಿಟ್ಟನ್ನು ಹೆಚ್ಚು ಮಾಡಿತು. ನಿಮ್ಮನ್ನು ಬಾಗಿಲಲ್ಲಿ ಕೂರಿಸಿದವರ ಮೇಲೆ ಹೋಗಬೇಕಾದ ಸಿಟ್ಟನ್ನು ನನ್ನ ಎಳೆಯ ಮೇಲೆ ಯಾಕೆ ಹಾಕುತ್ತೀರಿ ಎಂದು ಕೇಳಿದಳು. ದೇವರೂ ನಮ್ಮನ್ನು ಬಾಗಿಲಲ್ಲೇ ಕೂರಿಸುತ್ತಾನೇನು ಎಂದೂ ಕೇಳಿದಳು. ಮಾಸ್ತರರು ಎದ್ದು ನಿಂತು, ಇದು ಕಮಿಟಿಯ ಮುಂದೆ ಬರುತ್ತದೆ ಎಂದಷ್ಟೇ ಹೇಳಿ ಹೋದರು. ಸತ್ಯಪ್ಪ ಮೂಲೆಯಲ್ಲಿ ತೊಗಲು ಚುಚ್ಚುವ ಆರಿಯ ಮೊನೆಯನ್ನು ಕಲ್ಲಿಗೆ ತಿಕ್ಕುತ್ತಲೇ ಇದ್ದ.

ಮುಂದಿನ ದಿನಗಳಲ್ಲಿ ಆಕೆ ಹೆಣೆದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಎಳೆ ಹಿಡಿದು ಕೂತರೆ ಕುರ್ಚಿ ದೂರ ಎಳೆದುಕೊಂಡ ಸದ್ದು ಕಿವಿಗೆ ಬರುತ್ತಿತ್ತು, ಕೈ ಬಿಗಿಯುತ್ತಿತ್ತು, ಹೆಣಿಗೆ ಗಂಟಿಕ್ಕುತ್ತಿತ್ತು. ಬಿಚ್ಚು, ನೀರು ಹಚ್ಚು, ಎಳೆ ನೇರ ಮಾಡು, ಮತ್ತೆ ಹೆಣೆ. ದೇವರೇ, ಈ ಮುದುಕನ ನೆನಪನ್ನು ಸ್ವಲ್ಪ ಹೊತ್ತು ತೆಗೆದಿಡು, ಈ ಪಟ್ಟಿ ಮುಗಿದ ಮೇಲೆ ಬೇಕಾದರೆ ತಿರುಗಿ ಕೊಡು ಎಂದು ಬೇಡಿಕೊಂಡಳು. ಅದೊಂದು ಪ್ರಾರ್ಥನೆಯೆಂದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ. ಪಟ್ಟಿ ಮಾತ್ರ ಮುಗಿಯಿತು. ಮುಗಿದ ಹೆಣಿಗೆಯ ಮೇಲೆ ಬೆರಳಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ. ತನ್ನ ಜೀವಮಾನದಲ್ಲಿ ಅಂಥದ್ದು ತಾನು ಇನ್ನೊಂದು ಮಾಡಿಲ್ಲವೆಂದು ಆಕೆಗೇ ಗೊತ್ತಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದ್ದಳು.

ಕಮಿಟಿಯಲ್ಲಿ ಏನಾಯಿತೆಂದು ಕೇಳಿದಾಗ ಸುಜಯ ಪಾಸ್ಟರ್, "ನೀವು ತರ್ರಿ ಅಕ್ಕಾ, ದೇವರು ದಾರಿ ಮಾಡ್ತಾನ" ಎಂದಿದ್ದರು. ಆಕೆ ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡಳು. ಭಾನುವಾರ ಮುಂಜಾನೆ ಮೇಜಿನ ಮೇಲೆ ಇಡುವಾಗ ಪಾಸ್ಟರ್ ಅಲ್ಲೇ ಮೈಕಿನ ವೈರು ಸರಿಮಾಡುತ್ತಿದ್ದರು, ನೋಡಿ ತಲೆಯಾಡಿಸಿದ್ದರು.

ಈಗ ಬಾಗಿಲಲ್ಲಿ ನಿಂತ ರುಕ್ಮವ್ವನಿಗೆ ಒಳಗಿನ ಮೊದಲ ಹಾಡು ಕೇಳುತ್ತಿತ್ತು. ಡೋಲಕ್ಕು ಬಡಿಯುತ್ತಿತ್ತು. ಆಕೆ ಮೊದಲು ತನ್ನ ಸವೆದ ಚಪ್ಪಲಿಯನ್ನು ಹೊಸ ಜೋಡಿನಿಂದ ದೂರ, ಇನ್ನೊಂದು ಬದಿಗೆ ಬಿಟ್ಟಳು. ಆಮೇಲೆ ಒಳಗೆ ಹೋದಳು.

ಹೆಂಗಸರ ಚಾಪೆಯ ಕಡೆ ಹೋಗಲಿಲ್ಲ. ನಡುವಿನ ದಾರಿಯಲ್ಲೇ ನಡೆದು ಮುಂದೆ ಬಂದು ನಿಂತಳು. ಮೇಜಿನ ಮೇಲೆ ಕಬ್ಬಿನ ಗಣಿಕೆ, ಜೋಳದ ತೆನೆ, ಅರಿಷಿಣದ ಕೊಂಬು, ಕುಂಬಳಕಾಯಿ ಎಲ್ಲ ಇದ್ದವು. ಬೆಲ್ಲಕ್ಕೂ ದ್ರಾಕ್ಷಿಗೂ ನಡುವೆ ಖಾಲಿ ಬಾಳೆಯೆಲೆ. ಅದನ್ನು ತೆಗೆಯುವ ವ್ಯವಧಾನವೂ ಆ ಕೈಗೆ ಇರಲಿಲ್ಲವೆನ್ನುವುದನ್ನು ನೋಡಿ ಆಕೆಯ ಕಣ್ಣು ಕೆಂಪಾದವು.

ಹಾಡು ಮುಗಿಯಿತು. ಎಲ್ಲರೂ ಕೂತರು. ಆಕೆ ಕೂರಲಿಲ್ಲ. ಮುಂದಿನ ಕುರ್ಚಿಯಲ್ಲಿದ್ದ ಬೆಳಗಾವಿಯ ಹಿರಿಯ ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡು ನೋಡಿದರು. ಸುಜಯ ಪಾಸ್ಟರ್ ಮೈಕಿನ ಹಿಂದೆ ನಿಂತು, ಕೂತುಕೊಳ್ಳಿ ಅಕ್ಕಾ ಎನ್ನುವ ಹಾಗೆ ಕೈ ಆಡಿಸಿದರು.

"ಕುಂದ್ರೂದು ಆಮ್ಯಾಲ್ರಿ ಪಾಸ್ಟರ" ಎಂದಳು ರುಕ್ಮವ್ವ. ಗಂಡಸರ ಸಾಲಿನ ಮುಂದೆ ಕೂತಿದ್ದ ಮಾಸ್ತರರ ಕಡೆ ತಿರುಗಿದಳು. "ಮಾಸ್ತರ, ಎತ್ತಿ ಹೊರಗ ಒಗದಾವ್ರು ನೀವು. ತಂದು ಇಡಾವ್ರೂ ನೀವಾ. ಏಳ್ರಿ."

ಮಾಸ್ತರರು ಎದ್ದರು. ಮುಖ ಬಿಳುಚಿಕೊಂಡಿತ್ತು. ತಾನು ಆ ಮೇಜಿನ ಹತ್ತಿರವೇ ಹೋಗಿಲ್ಲ ಎಂದರು. ಕಮಿಟಿಯಲ್ಲಿ ಬೇಡ ಎಂದದ್ದು ನಿಜ, ಈಗಲೂ ಬೇಡ ಎಂದೇ ಹೇಳುತ್ತೇನೆ, ಆದರೆ ಕದ್ದು ಎತ್ತಿಡುವ ಕೆಲಸ ತನ್ನದಲ್ಲ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ನಿಲ್ಲಿಸಲಿಲ್ಲ.

"ಮತ್ತ ನಾ ಯಾಕ ಚಪ್ಪಲಿ ಮುಟ್ಟಲಿ?"

ಅಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದಿನ ಸಂಜೆಯವರೆಗೆ ಚಪ್ಪಲಿ ಮುಟ್ಟಿದವರೇ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

ರುಕ್ಮವ್ವ ಬಾಯಿ ತೆರೆದಾಗ ದನಿ ಏರಲಿಲ್ಲ. ನಳದ ಮುಂದಿನ ದನಿಯೇ ಅಲ್ಲ ಅದು.

"ನಿಮ್ಮಪ್ಪನ ಕೈಗೆ ಸಾಯೂ ಮಟಾ ತೊಗಲಿನ ವಾಸನಿ ಹೋಗಲಿಲ್ಲ, ಮಾಸ್ತರ. ಆ ಕೈಲೇನಾ ನಿಮ್ಮನ್ನ ಎತಗೊಂಡು ಇದಾ ಜಾಗಾದಾಗ ನಿಂತು ದೀಕ್ಷಾಸ್ನಾನಾ ಮಾಡಿಸ್ಯಾರ. ಆವಾಗ ಪಾದ್ರಿ ಸಾಹೇಬ್ರು, ಮೊದಲ ಕೈ ತೊಕ್ಕೊಂಡು ಬಾ ಅನ್ನಲಿಲ್ಲ. ನೀವು ಈಗ ಅನ್ನಾಕತ್ತೀರಿ."

ಆಕೆ ಇನ್ನೂ ಹೇಳುವವಳಿದ್ದಳು. ಕುರ್ಚಿ ಎಳೆದದ್ದು, ವೈನಿ ಬಿಟ್ಟು ರುಕ್ಮಾಬಾಯಿ ಎಂದದ್ದು, ಲಿಲಾವಿನಲ್ಲಿ ಪ್ರತಿವರ್ಷ ಅತಿ ದೊಡ್ಡ ಕುಂಬಳಕಾಯಿ ಕೂಗಿದ್ದು, ಎಲ್ಲ ಸಾಲುಗಟ್ಟಿ ನಿಂತಿದ್ದವು. ಅಷ್ಟರಲ್ಲಿ ಗಂಡಸರ ಸಾಲಿನ ಕೊನೆಯಿಂದ, ಗೋಡೆಗೆ ಒರಗಿ ಕೂತಲ್ಲಿಂದ, ಒಬ್ಬರು ಎದ್ದರು.

"ನಾ ಇಟ್ಟೆ."

ಸತ್ಯಪ್ಪ. ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡುತ್ತಿದ್ದ.

ಏನು ಹೇಳಿದನೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಮಾಸ್ತರರೇ ತಿರುಗಿ, ಏನಂದಿ ಸತ್ಯಣ್ಣಾ ಎಂದು ಕೇಳಿದರು. ಸತ್ಯಪ್ಪ ಯಾರ ಮುಖವನ್ನೂ ನೋಡದೆ, ನೆಲಕ್ಕೆ ಹೇಳಿದ ಹಾಗೆ ಹೇಳಿದ.

"ಕಬ್ಬಿನ ಗಣಿಕಿ ಕಟ್ಟಾಕ ಬಂದಿದ್ನಿ. ಕಟ್ಟಿ ತಿರಿಗಿ ನೋಡಿದ್ರ ಬಿಳೀ ಅರಿವಿ ಮ್ಯಾಲ ಚಪ್ಪಲಿ. ಕೈ ತಾನಾ ಹೋತು. ಎತ್ತಿದ್ನಿ, ಬಾಗಲದಾಗ ಬಿಟ್ನಿ. ಬಿಟ್ಟ ಮ್ಯಾಲ ನೆಪ್ಪಾತು, ಇವು ನಮ್ಮವು ಅಂತ. ಮತ್ತ ಒಳಗ ತರಾಕ… ಕಾಲ ಏಳಲಿಲ್ಲ."

ರುಕ್ಮವ್ವ ಗಂಡನನ್ನು ನೋಡಿದಳು. ಅದರ ತಳ ಹೊಲಿದದ್ದು ಅವನೇ. ಪ್ರತಿ ಹೊಲಿಗೆ ಎಳೆದು, ಹಲ್ಲಿನಲ್ಲಿ ಕಚ್ಚಿ ಬಿಗಿದದ್ದು ಅವನೇ. ಆದರೂ ದೇವರ ಮುಂದೆ ಅದನ್ನು ಕಂಡಾಗ ಅವನ ಕೈಗೆ ತಿಳಿದದ್ದು ಒಂದೇ: ಇದರ ಜಾಗ ಹೊರಗೆ. ಯಾರೂ ಹೇಳಬೇಕಾಗಿರಲಿಲ್ಲ. ಮಾಸ್ತರರು ಬೇಕಾಗಿರಲಿಲ್ಲ, ಕಮಿಟಿ ಬೇಕಾಗಿರಲಿಲ್ಲ.

ಸಿಟ್ಟು ಇಳಿಯುತ್ತದೆಂದು ಎಲ್ಲರೂ ಅಂದುಕೊಂಡಿರಬೇಕು. ಇಳಿಯಲಿಲ್ಲ. ಹೋಗಿ ನಿಲ್ಲಲು ಒಂದು ಮುಖ ಸಿಗದೆ ಅದು ಇನ್ನೂ ದೊಡ್ಡದಾಯಿತು. ಮಾಸ್ತರರು ನಕ್ಕಿದ್ದರೆ ಆಕೆಗೆ ಸುಲಭವಾಗುತ್ತಿತ್ತು. ಅವರು ನಗಲಿಲ್ಲ. ಸತ್ಯಪ್ಪನನ್ನು ನೋಡುತ್ತ ನಿಂತಿದ್ದರು, ತಮಗೇ ಯಾರೋ ಹೊಡೆದ ಹಾಗೆ.

"ಮಾಸ್ತರ" ಎಂದಳು ಆಕೆ. "ನೀವು ಇಟ್ಟೀರಿ ಅಂದದ್ದು ನನ್ನ ತಪ್ಪು. ಸಭಾದ ಮುಂದ ಅಂದೀನಿ, ಸಭಾದ ಮುಂದನಾ ತಪ್ಪು ಅಂತೀನಿ. ಉಳದಿದ್ದು ಯಾವುದೂ ತಪ್ಪಲ್ಲ."

ಮಾಸ್ತರರು ಕೂತರು.

ಸುಜಯ ಪಾಸ್ಟರ್ ಮೈಕು ಬಿಟ್ಟು ಕೆಳಗಿಳಿದು ಬಂದರು. ಇರಲಿ ಅಕ್ಕಾ, ನಾನೇ ತರುತ್ತೇನೆ, ನಾನೇ ಇಡುತ್ತೇನೆ ಎನ್ನುತ್ತ ಬಾಗಿಲ ಕಡೆ ನಡೆದರು. ರುಕ್ಮವ್ವ ಅಡ್ಡ ನಿಂತಳು. ಸತ್ಯಪ್ಪ ಚಪ್ಪಲಿ ಎತ್ತುವಾಗ ನೀವೆಲ್ಲಿದ್ದಿರಿ ಎಂದು ಕೇಳಿದಳು. ಪಾಸ್ಟರ್ ಹೇಳಬೇಕಾಗಿರಲಿಲ್ಲ, ಮೈಕಿನ ವೈರು ಮೇಜಿನ ಕಾಲಿಗೇ ಸುತ್ತಿತ್ತು, ಅವರು ಅಲ್ಲೇ ಇದ್ದರು. ಸತ್ಯಪ್ಪ ಎತ್ತಿಕೊಂಡು ಹೋಗುವುದನ್ನು ನೋಡಿ, ಒಂದು ತೊಂದರೆ ತಾನಾಗಿ ಕಳೆಯಿತೆಂದು ಉಸಿರು ಬಿಟ್ಟಿದ್ದರು.

"ಆವಾಗ ನೋಡಿ ಸುಮ್ಮ ನಿಂತ್ರಿ" ಎಂದಳು ರುಕ್ಮವ್ವ. "ಈಗೂ ನೋಡಿ ಸುಮ್ಮ ನಿಂದರ್ರಿ. ನೀವು ತಂದ್ರ ಅದು ನಿಮ್ಮ ದೊಡ್ಡತನಾ ಆಗ್ತೈತಿ. ನನಗ ಅದು ಬ್ಯಾಡ."

ಆಮೇಲೆ ಗಂಡನಿಗೆ, ಅಷ್ಟು ದೂರಕ್ಕೆ, "ನೀ ಹೋಗು. ತಗೊಂಬಾ" ಎಂದಳು.

ಸತ್ಯಪ್ಪ ತಲೆಯಾಡಿಸಿದ. ತನ್ನ ಕೈಲಿ ಆಗುವುದಿಲ್ಲ, ಬಯ್ಯಿ, ಮನೆಗೆ ಹೋದ ಮೇಲೆ ಬೇಕಾದ್ದು ಮಾಡು, ಇದೊಂದು ಹೇಳಬೇಡ ಎಂದು ಅವನ ಮುಖ ಬೇಡುತ್ತಿತ್ತು. ಹಿರಿಯ ಪಾದ್ರಿಗಳು ಗಡಿಯಾರ ನೋಡಿಕೊಂಡು, ಪ್ರಾರ್ಥನೆ ಮುಂದುವರಿಸೋಣವೇ, ಈ ವಿಷಯ ಆಮೇಲೆ ಮಾತಾಡಬಹುದಲ್ಲ ಎಂದರು. ಆಮೇಲೆ ಇಲ್ರಿ, ಎಂದಳು ರುಕ್ಮವ್ವ, ಅವರ ಕಡೆ ತಿರುಗದೆಯೇ. ನಡುದಾರಿಯಲ್ಲಿ ನಿಂತೇ ಇದ್ದಳು. ಮುದುಕ ಗಂಡನನ್ನು ಇಷ್ಟು ಮಂದಿಯ ಮುಂದೆ ಹೀಗೆ ನಿಲ್ಲಿಸುವುದು ಸರಿಯೋ ಎಂದು ಒಂದು ಕ್ಷಣ ಅನಿಸದೆ ಇರಲಿಲ್ಲ. ಆದರೆ ಈಗ ಬಿಟ್ಟರೆ ಅವನ ಕೈ ಸಾಯುವವರೆಗೂ ಅದನ್ನೇ ಮಾಡುತ್ತದೆ. ಮಾಡುವುದು ದೇವರಿಗಾಗಿ, ಇಡುವುದು ಬಾಗಿಲಲ್ಲಿ.

ಸತ್ಯಪ್ಪ ಟೊಪ್ಪಿಗೆ ಹಾಕಿಕೊಂಡ. ಮತ್ತೆ ತೆಗೆದು ಕೂತಿದ್ದ ಜಾಗದಲ್ಲಿ ಇಟ್ಟ. ಗೋಡೆ ಹಿಡಿದುಕೊಂಡು ಬಾಗಿಲ ಕಡೆ ಹೋದ.

ಅವನು ಬರುವುದು ತಡವಾಯಿತು. ಮನೆಗೆ ಹೋದನೇನೋ ಎಂದು ಹೆಂಗಸರ ಕಡೆ ಪಿಸುಮಾತು ಎದ್ದಿತು. ರುಕ್ಮವ್ವ ತಿರುಗಿ ನೋಡಲಿಲ್ಲ. ಹೊರಗೆ ನಳದ ನೀರಿನ ಸದ್ದಾಯಿತು, ನಿಂತಿತು. ಆಮೇಲೆ ಬರಿಗಾಲಿನ ಸದ್ದು ನಡುದಾರಿಯಲ್ಲಿ ಬಂತು.

ಎದೆಯ ಮಟ್ಟದಲ್ಲಿ, ಎರಡೂ ಅಂಗೈ ಮೇಲೆ ಜೋಡು ಹಿಡಿದುಕೊಂಡು ಬರುತ್ತಿದ್ದ. ತೊಳೆದದ್ದು ಕೈ ಮಾತ್ರ. ಚಪ್ಪಲಿಗೆ ನೀರು ತಾಗಿಸಿರಲಿಲ್ಲ. ಹೆಗಲ ಮೇಲಿನ ಹೊಸ ಟವೆಲ್ಲಿನ ಚುಂಗು ಕರಿಮಣ್ಣಾಗಿತ್ತು. ಹೆಣಿಗೆಯ ಸಂದಿಯ ಮಣ್ಣನ್ನೂ ಬಿಡದೆ ಒರೆಸಿದ್ದ. ಹೆಂಡತಿಯನ್ನು ದಾಟಿ ಮುಂದೆ ಹೋಗಿ ಮೇಜಿನ ಮುಂದೆ ನಿಂತ. ಖಾಲಿ ಎಲೆಯನ್ನು ನೋಡಿದ. ಮೊದಲು ಒಂದು ರೀತಿ ಹಿಡಿದ, ಮತ್ತೆ ತಿರುಗಿಸಿ ಹಿಡಿದ. ಇಡಲಿಲ್ಲ. ಹಿಂದಕ್ಕೆ ಹೊರಳಿ, ಅಂಗಡಿಯಲ್ಲಿ ಕೇಳುವ ಹಾಗೆ ಕೇಳಿದ.

"ಮುಖ ಯಾ ಕಡೆ ಇರ್ಲಿ?"

ರುಕ್ಮವ್ವ ಇದನ್ನು ಯೋಚಿಸಿರಲಿಲ್ಲ. ಮುಂಜಾನೆ ಹೇಗಿಟ್ಟಿದ್ದೆನೆಂಬುದೂ ನೆನಪಾಗಲಿಲ್ಲ.

"ಗಿರಾಕಿ ಬಂದ್ರ ಹೆಂಗ ಇಡ್ತೀ?" ಎಂದಳು.

ಗಿರಾಕಿ ಬಂದರೆ ಹೇಗಿಡಬೇಕೆಂದು ಸತ್ಯಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಿಮ್ಮಡ ಅವರ ಕಡೆ, ತುದಿ ಈಚೆ ಕಡೆ; ಬಗ್ಗದೆ, ತಿರುಗದೆ ನೇರ ಕಾಲಿಟ್ಟು ನಡೆದುಬಿಡುವ ಹಾಗೆ. ಅವನು ಹಿಮ್ಮಡಗಳನ್ನು ಶಿಲುಬೆಯ ಕಡೆಗೆ, ತುದಿಗಳನ್ನು ಸಭೆಯ ಕಡೆಗೆ ಮಾಡಿ ಎಲೆಯ ಮೇಲೆ ಇಟ್ಟ. ಎರಡರ ನಡುವೆ ಒಂದು ಬೆರಳು ಸಂದು ಬಿಟ್ಟು ಸರಿಮಾಡಿದ. ಹಿಂದೆ ಸರಿದು, ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಅಳಲಿಲ್ಲ. ಮಾಸ್ತರರು ಕಿಟಕಿಯ ಕಡೆ ನೋಡುತ್ತಿದ್ದರು. ಹಿಂದಿನಿಂದ ಒಬ್ಬ ಹುಡುಗಿ ಮೊಬೈಲು ಎತ್ತಿದಳು, ತಾಯಿ ಆ ಕೈಯನ್ನು ಕೆಳಗೆ ಒತ್ತಿದಳು.

ಸುಜಯ ಪಾಸ್ಟರ್ ಮೈಕಿನ ಹತ್ತಿರ ಹೋದರು. ಪ್ರಥಮಫಲಗಳನ್ನು ಅರ್ಪಿಸೋಣ ಎಂದರು. ಎಲ್ಲರೂ ಎದ್ದು ಕಣ್ಣು ಮುಚ್ಚಿದರು. ರುಕ್ಮವ್ವ ಕಣ್ಣು ಮುಚ್ಚಲಿಲ್ಲ. ನಡುದಾರಿಯಲ್ಲಿ ನಿಂತಲ್ಲೇ ನಿಂತು ಪಾಸ್ಟರ ಮುಖವನ್ನೇ ನೋಡಿದಳು.

ಅವರು ಒಂದೊಂದೇ ಹೆಸರು ಹೇಳುತ್ತ ಹೋದರು. ಕರ್ತನೇ, ನಿನ್ನ ಮಕ್ಕಳು ತಂದ ಈ ಜೋಳವನ್ನು, ಈ ಕಬ್ಬನ್ನು, ಈ ಅರಿಷಿಣವನ್ನು, ಈ ಬೆಲ್ಲವನ್ನು ಅಂಗೀಕರಿಸು. ಬೆಲ್ಲದ ನಂತರ ದನಿ ಒಂದು ಕ್ಷಣ ತಡೆಯಿತು. "ನಮ್ಮ ಸಹೋದರಿಯ ಕೈಕೆಲಸವನ್ನು" ಎಂದು, ದ್ರಾಕ್ಷಿಯ ಹೆಸರು ಎತ್ತುವಷ್ಟರಲ್ಲಿ—

"ಹೆಸರು ಹೇಳ್ರಿ" ಎಂದಳು ರುಕ್ಮವ್ವ. ದೊಡ್ಡ ದನಿಯಲ್ಲಿ ಅಲ್ಲ. ಆದರೆ ಮೈಕಿಲ್ಲದೆಯೂ ಹಿಂದಿನ ಗೋಡೆಯವರೆಗೆ ಕೇಳಿಸಿತು.

ಪಾಸ್ಟರ್ ಕಣ್ಣು ತೆರೆದರು. ಆಕೆಯ ಕಣ್ಣು ಅವರ ಮುಖದ ಮೇಲೇ ಇದ್ದವು. ಅವರು ಮೇಜನ್ನು ನೋಡಿದರು, ಕುರ್ಚಿಯಲ್ಲಿದ್ದ ಹಿರಿಯ ಪಾದ್ರಿಗಳನ್ನು ನೋಡಿದರು.

"ರುಕ್ಮವ್ವ, ಸತ್ಯಪ್ಪ ಇಬ್ಬರೂ ಮಾಡಿದ ಈ ಚಪ್ಪಲಿಯನ್ನು" ಎಂದರು. "ಅಂಗೀಕರಿಸು, ಕರ್ತನೇ."

ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ, ದ್ರಾಕ್ಷಿಯೂ ಕುಂಬಳಕಾಯಿಯೂ ಬಾಕಿ ಇದ್ದವು. ಅಷ್ಟಕ್ಕೇ ರುಕ್ಮವ್ವ "ಆಮೆನ್" ಎಂದುಬಿಟ್ಟಳು, ಒಬ್ಬಳೇ, ಯಾರಿಗೋ ಬಯ್ದ ಹಾಗೆ.